ಮಾವನ ಏರು, ಅಳಿಯನ ಕಾರು

ತಿಳಿಯದ ವಿಷಯಕ್ಕೆ ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಕುರುಬರಹಳ್ಳಿಯಲ್ಲಿ ಯಾರೂ ಇರಲಾರರು. ಡಾಕ್ಟರು ರಕ್ತಪರೀಕ್ಷೆಯ ಚೀಟಿ ಹಿಡಿದು ಒಂದೊಂದೇ ಸಾಲು ವಿವರಿಸುವಾಗ ತಲೆಯಾಡಿಸುತ್ತೇನೆ. ಕಚೇರಿಯಲ್ಲಿ ಹೊಸ ಸಾಫ್ಟ್‌ವೇರ್ ಬಂದಾಗ ಅದನ್ನು ಕಲಿಸಲು ಬಂದ ಹುಡುಗನ ಮುಂದೆ ಇಡೀ ಮಧ್ಯಾಹ್ನ ತಲೆಯಾಡಿಸಿ, ಅವನಿಂದ "ಸಾರ್ ತುಂಬಾ ಬೇಗ ಹಿಡ್ಕೊಂಡ್ರು" ಎಂಬ ಶಹಭಾಸ್‌ಗಿರಿ ಪಡೆದು, ಮರುದಿನ ಅದನ್ನು ಆನ್ ಮಾಡುವುದು ಹೇಗೆಂದು ಪಕ್ಕದ ಮೇಜಿನವರನ್ನು ಕೇಳಿದ್ದೇನೆ. ಇದರಿಂದ ಎದುರಿನವರಿಗೆ ಸಂತೋಷ, ನನಗೆ ಶ್ರಮವಿಲ್ಲ. ಇಷ್ಟು ನಿರಪಾಯವಾದ ಚಟ ಇನ್ನೊಂದಿಲ್ಲ ಎಂದು ಬಹಳ ಕಾಲ ನಂಬಿದ್ದೆ. ಕಾರು ಕೊಳ್ಳುವವರೆಗೆ.

ಶೋರೂಮಿನಲ್ಲಿ ಟೈ ಕಟ್ಟಿಕೊಂಡ ಒಬ್ಬ ಯುವಕ ನನ್ನನ್ನೂ ನನ್ನ ಹೆಂಡತಿ ಸುಜಾತಳನ್ನೂ ಕಾರಿನ ಮುಂದೆ ನಿಲ್ಲಿಸಿ, ಬಾನೆಟ್ ಎತ್ತಿ, ದೇವರ ತೆರೆ ಸರಿಸಿದವನಂತೆ ಪಕ್ಕಕ್ಕೆ ಸರಿದು ನಿಂತು ಹೇಳಿದ. "ಸಾರ್, ಇದು ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಇಂಜಿನ್." ನಾನು ತಲೆಯಾಡಿಸಿದೆ. "ಮಾಮೂಲಿ ಪೆಟ್ರೋಲ್ ಗಾಡೀಲಿ ಗಾಳಿ, ಪೆಟ್ರೋಲ್ ಎರಡೂ ಸಿಲಿಂಡರ್ ಬಾಗ್ಲ ಹೊರಗೇ ಬೆರ್ತು ಒಟ್ಟಿಗೆ ಒಳಗೆ ಬರ್ತವೆ ಸಾರ್. ಇದ್ರಲ್ಲಿ ಬಾಗ್ಲಿಂದ ಗಾಳಿ ಮಾತ್ರ. ಪೆಟ್ರೋಲ್ ನೇರವಾಗಿ ಸಿಲಿಂಡರ್ ಒಳಕ್ಕೇ ಚಿಮ್ಮುತ್ತೆ. ಅದಕ್ಕೇ ಪವರ್ ಜಾಸ್ತಿ, ಮೈಲೇಜೂ ಜಾಸ್ತಿ." ಇದೊಂದು ಮಾತ್ರ ನನಗೆ ನಿಜವಾಗಿಯೂ ಅರ್ಥವಾಯಿತು, ಏಕೆಂದರೆ ನಮ್ಮಜ್ಜಿ ನೀರು ಕುಡಿಯುತ್ತಿದ್ದುದು ಹೀಗೆಯೇ. ಚೊಂಬನ್ನು ತುಟಿಗೆ ತಾಗಿಸದೆ, ಒಂದು ಗೇಣು ಮೇಲೆತ್ತಿ, ನೇರ ಗಂಟಲಿಗೇ ಧಾರೆ ಬಿಡುತ್ತಿದ್ದರು. ಒಂದು ಹನಿ ಆಚೀಚೆ ಹೋಗುತ್ತಿರಲಿಲ್ಲ. ನಾನು ಪ್ರಯತ್ನಿಸಿದರೆ ಅರ್ಧ ನೀರು ಮೂಗಿಗೆ, ಅರ್ಧ ಅಂಗಿಗೆ. ಎತ್ತಿ ಕುಡಿಯುವ ಇಂಜಿನ್! ಮಡಿವಂತ ಕಾರು! ನನಗೆ ಅದರ ಮೇಲೆ ಆ ಕ್ಷಣವೇ ಪೂಜ್ಯಭಾವ ಹುಟ್ಟಿತು. ಸುಜಾತಳಿಗೆ ಬಣ್ಣ ಹಿಡಿಸಿತು. ವ್ಯಾಪಾರ ಮುಗಿಯಿತು.

ಕಾರು ಮನೆಗೆ ಬಂದ ದಿನವೇ ಅದಕ್ಕೆ ನಿಜವಾದ ಯಜಮಾನರು ಯಾರೆಂಬುದು ಇತ್ಯರ್ಥವಾಯಿತು. ನಾವಿರುವ ಮನೆ ನನ್ನ ಮಾವ ಹನುಮಯ್ಯನವರದು. ಕೆಳಗೆ ನಾವು ಮೂರು ಜನ, ಮೇಲಿನ ಪೋರ್ಷನ್‌ನಲ್ಲಿ ಬಾಡಿಗೆಯವರು. ಅಂದರೆ ನಾನು ಮನೆಯಳಿಯ. ಈ ಮಾತು ಕೇಳಿದರೆ ಕೆಲವರು ಒಂದು ತರಹ ನಗುತ್ತಾರೆ. ನಗಲಿ. ಅವರ ಮನೆಯಲ್ಲಿ ನಮ್ಮ ಮಾವನಷ್ಟು ನಯವಾಗಿ ಮುದ್ದೆ ತಿರುವುವವರು ಯಾರಿದ್ದಾರೆ? ಮಾವ ಸಿಟಿ ಬಸ್ಸಿನ ಡ್ರೈವರ್ ಆಗಿ ಆಯುಷ್ಯದ ಬಹುಪಾಲು ಕಳೆದು ನಿವೃತ್ತರಾದವರು. ಇಂದಿಗೂ ಅವರು ಕುರ್ಚಿಯಲ್ಲಿ ಕೂರುವ ಮೊದಲು ಅದನ್ನು ಒಂದು ಸಲ ಹಿಂದಕ್ಕೆ, ಒಂದು ಸಲ ಮುಂದಕ್ಕೆ ಸರಿಸಿ ನೋಡುತ್ತಾರೆ. ಮದುವೆ ಮನೆಯ ಊಟದ ಸಾಲಿನಲ್ಲಿ ಮುಂದಿನವರು ನಿಧಾನ ಮಾಡಿದರೆ ಅವರ ಬಲಗೈ ತಾನಾಗಿ ಹಾರ್ನ್ ಒತ್ತಲು ಮುಂದೆ ಚಾಚುತ್ತದೆ.

ಪೂಜೆಯಾಗಿ, ನಿಂಬೆಹಣ್ಣು ಚಕ್ರದಡಿಯಲ್ಲಿ ಪಚಕ್ಕೆಂದು, ಕಾರು ಗೇಟಿನ ಒಳಗೆ ಬಂದು ನಿಂತಿತು. ಈ ಜಾತಿಯ ಇಂಜಿನ್‌ಗೆ ಒಂದು ಸ್ವಭಾವವಿದೆ. ನಿಂತಲ್ಲೇ ಓಡುತ್ತಿರುವಾಗ ಟಿಕ್ ಟಿಕ್ ಟಿಕ್ ಎಂದು ಹೊಲಿಗೆ ಮಿಷನ್ನಿನಂತೆ ಸದ್ದು ಮಾಡುತ್ತದೆ. ಮಾವ ಬಾನೆಟ್ ಮೇಲೆ ಕಿವಿಯಿಟ್ಟು ಕೇಳಿದರು. ಮುಖ ಅರಳಿತು.

"ಅಳಿಯಂದ್ರೇ, ಇದು ಡೀಸೆಲ್ ಗಾಡಿ."

"ಇಲ್ಲ ಮಾವ, ಪೆಟ್ರೋಲು. ಡೈರೆಕ್ಟ್ ಇಂಜೆಕ್ಷನ್ ಅಂತೆ."

"ಅದನ್ನೇ ನಾನೂ ಹೇಳ್ತಿರೋದು. ಇಂಜೆಕ್ಷನ್ ಅಂದ್ರೆ ಡೀಸೆಲ್ಲು. ನಮ್ಮ ಬಸ್ಸಲ್ಲಿ ಇರ್ಲಿಲ್ವಾ? ಪೆಟ್ರೋಲ್ ಗಾಡಿ ಹಿಂಗೆ ಮಾತಾಡ್ತದಾ? ಅದು ಮೂಗ್ನಂಗೆ ಇರ್ತದೆ."

ನಾನು ತಲೆಯಾಡಿಸಿದೆ. ಅದರ ಫಲ ಮರುವಾರವೇ ಕಾರ್ಡ್ ರೋಡಿನ ಪೆಟ್ರೋಲ್ ಬಂಕಿನಲ್ಲಿ ಕೈಗೆ ಸಿಕ್ಕಿತು. ನಾನು ಕಾರು ನಿಲ್ಲಿಸಿ ಪರ್ಸು ತಡಕುತ್ತಿದ್ದೆ. ಬಂಕಿನವನಿಗೂ ಟಿಕ್ ಟಿಕ್ ಕೇಳಿಸಿತ್ತು. "ಡೀಸೆಲ್ಲಾ ಅಣ್ಣಾ?" ಎಂದು ಅವನು ಕೇಳಿದ್ದು ಪಕ್ಕದ ಸೀಟಿನಲ್ಲಿದ್ದ ಮಾವನನ್ನು. ಮಾವ "ಹೂಂ ಮತ್ತೆ!" ಎಂದರು, ತಮ್ಮ ಜಾತಿಯವನೊಬ್ಬ ಪರದೇಶದಲ್ಲಿ ಸಿಕ್ಕಷ್ಟು ಖುಷಿಯಿಂದ. ನಾನು ಸೀಟ್ ಬೆಲ್ಟ್ ಬಿಚ್ಚುವುದನ್ನೂ ಮರೆತು ಹಾರಲು ಹೋಗಿ, ಬೆಲ್ಟ್ ನನ್ನನ್ನು ಹಿಂದಕ್ಕೆಳೆದು ಕೂರಿಸಿ, ಕೊನೆಗೆ ಕೂತಲ್ಲಿಂದಲೇ "ಪೆಟ್ರೋಲು! ಪೆಟ್ರೋಲು!" ಎಂದು ಬೆಂಕಿ ಬಿದ್ದವನಂತೆ ಕಿರುಚಿದೆ. ಬಂಕಿನಲ್ಲಿ ಹಾಗೆ ಕಿರುಚಬಾರದೆಂದು ಮ್ಯಾನೇಜರು ಬಂದು ತಿಳಿಹೇಳಿದರು. ಅಂದು ಸಂಜೆಯೇ ಟ್ಯಾಂಕಿನ ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ "ಪೆಟ್ರೋಲ್ ಮಾತ್ರ" ಎಂದು ಬರೆದು ಅಂಟಿಸಿದೆ. ಮಾವ ಅದನ್ನು ಓದಿ, ಹೆಸರು ಬದಲಾಯಿಸಿಕೊಂಡ ಹಳೆಯ ಸ್ನೇಹಿತನನ್ನು ನೋಡುವಂತೆ ಕಾರನ್ನು ನೋಡಿದರು.

ಮಾವ ರಸ್ತೆಯಲ್ಲಿ ಗಾಡಿ ಓಡಿಸುವಂತಿಲ್ಲ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಎದುರಿನದು ಚೆನ್ನಾಗಿ ಕಾಣುತ್ತದೆ, ಪಕ್ಕದ ನೋಟ ಮಾತ್ರ ಕಡಿಮೆಯಾಗಿದೆ, ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದಿದ್ದರು. ಬೆಂಗಳೂರಿನಲ್ಲಿ ಎಲ್ಲರೂ ಬರುವುದೇ ಪಕ್ಕದಿಂದ, ಹಾಗಾಗಿ ಡಾಕ್ಟರ ಮಾತಿಗೆ ಎದುರಾಡುವಂತಿರಲಿಲ್ಲ. ಮಾವ ಆಡಲೂ ಇಲ್ಲ. ಆದರೆ ಕಾರು ಬಂದ ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಮುಂದೆ ಬಂದು ನಿಂತು ಕೇಳಿದರು. "ಅಳಿಯಂದ್ರೇ, ಕೀ ಕೊಡ್ತೀರಾ? ಎಲ್ಲೂ ತಗಂಡೋಗಲ್ಲ. ಸ್ಟಾರ್ಟ್ ಮಾಡಿ ಬಿಸಿ ಮಾಡ್ತೀನಿ ಅಷ್ಟೇ."

ಅದು ಡಿಪೋದ ಅಭ್ಯಾಸ. ಬಸ್ಸಿನ ಬ್ರೇಕು ನಡೆಯುವುದು ಗಾಳಿಯ ಒತ್ತಡದಲ್ಲಂತೆ. ರಾತ್ರಿಯೆಲ್ಲ ನಿಂತ ಬಸ್ಸಿನಲ್ಲಿ ಆ ಗಾಳಿ ಇಳಿದುಹೋಗಿರುತ್ತದೆ. ಬೆಳಿಗ್ಗೆ ಬಂದು ಇಂಜಿನ್ ಹಚ್ಚಿ, ಮುಳ್ಳು ಮೇಲೇರುವವರೆಗೆ ಕಾದು, ಆಮೇಲೆ ಹೊರಡಬೇಕು. ಅದಕ್ಕೆ ಅವರ ಭಾಷೆಯಲ್ಲಿ "ಏರ್ ಏರೋದು" ಎನ್ನುತ್ತಾರೆ. ನಮ್ಮ ಕಾರಿನಲ್ಲಿ ಏರಬೇಕಾದ ಏರೂ ಇಲ್ಲ, ಅದನ್ನು ತೋರಿಸುವ ಮುಳ್ಳೂ ಇಲ್ಲ. ಆದರೂ ಮಾವ ದಿನಾ ಬೆಳಿಗ್ಗೆ ಚಕ್ರಗಳನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ, ಸ್ಟಿಯರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಸ್ಟಾರ್ಟ್ ಮಾಡಿ, ಕನ್ನಡಿ ಸರಿಪಡಿಸಿಕೊಂಡು, ನೆಟ್ಟಗೆ ಕೂತುಬಿಡುತ್ತಿದ್ದರು. ಸುಜಾತ ಅಡುಗೆಮನೆಯ ಕಿಟಕಿಯಿಂದ "ಅಪ್ಪಾ, ತಿಂಡಿ ಆರ್ತಾ ಇದೆ" ಎಂದು ಕೂಗಿದರೆ "ತಡಿಯಮ್ಮಾ, ಏರ್ ಏರ್ಲಿ!" ಎಂಬ ಉತ್ತರ ಬರುತ್ತಿತ್ತು. ಏರ್ ಏರುವ ಹೊತ್ತಿಗೆ ನಮ್ಮ ದೋಸೆ ಎರಡು ಸುತ್ತು ಮುಗಿದಿರುತ್ತಿತ್ತು. ಆಮೇಲೆ ಅವರು ಇಳಿದು, ಬಾಗಿಲು ಹಾಕಿ, ಕೀಯನ್ನು ನನ್ನ ಕೈಗೆ ಕೊಡುತ್ತಿದ್ದ ಗತ್ತು ನೋಡಬೇಕಿತ್ತು. ಒಂದು ಪಾಳಿ ಮುಗಿಸಿ ಇನ್ನೊಬ್ಬ ಡ್ರೈವರ್‌ಗೆ ಬಸ್ಸು ಒಪ್ಪಿಸುವ ಗತ್ತು ಅದು.

ಆ ಇನ್ನೊಬ್ಬ ಡ್ರೈವರ್ ನಾನು. ನನ್ನ ಚಾಲನೆಯ ಬಗ್ಗೆ ಹೆಚ್ಚು ಹೇಳುವುದು ಬೇಡ. ಕಚೇರಿಗೆ ಹೋಗುವುದು ಮೆಟ್ರೋದಲ್ಲಿ. ಕಾರಿರುವುದು ಭಾನುವಾರ ಬಸವೇಶ್ವರನಗರಕ್ಕೆ ತರಕಾರಿಗೆ, ಶನಿವಾರ ದೇವಸ್ಥಾನಕ್ಕೆ, ಅಪರೂಪಕ್ಕೆ ವಿಜಯನಗರದಲ್ಲಿರುವ ನಾದಿನಿಯ ಮನೆಗೆ. ಇಂಜಿನ್ ಬಿಸಿಯಾಗುವ ಹೊತ್ತಿಗೆ ಊರು ಬಂದಿರುತ್ತದೆ. ನನ್ನ ಕೈಯಲ್ಲಿ ಕಾರು ಎತ್ತಿನಗಾಡಿಯ ಮರ್ಯಾದೆಯಿಂದ ಚಲಿಸುತ್ತದೆ. ಹಿಂದಿನವರು ಹಾರ್ನ್ ಹೊಡೆದರೆ ನಾನು ಕೈ ಸನ್ನೆ ಮಾಡಿ ದಾರಿ ಬಿಡುತ್ತೇನೆ. ಆಟೋದವರು ಕಿಟಕಿಯಿಂದ ಇಣುಕಿ "ಏನ್ ಅಂಕಲ್, ಮೆರವಣಿಗೆನಾ?" ಎಂದು ಕೇಳಿದ್ದುಂಟು. ಇದನ್ನು ನಾನು ಜಾಗರೂಕತೆ ಎಂದು ಕರೆಯುತ್ತೇನೆ. ಇಂಜಿನ್‌ಗೆ ಆಯಾಸವಾಗಬಾರದು, ಎತ್ತಿ ಕುಡಿಯುವ ಮಡಿವಂತ ಜೀವ, ಅದಕ್ಕೆ ಹಿಂಸೆ ಕೊಡಬಾರದು ಎಂಬ ಕಾಳಜಿ.

ಹೀಗೆ ಬೆಳಿಗ್ಗೆ ಮಾವನ ಕಾಳಜಿ, ವಾರಾಂತ್ಯಕ್ಕೆ ನನ್ನ ಕಾಳಜಿ, ಎರಡನ್ನೂ ಉಂಡು ಕೊಬ್ಬಬೇಕಾಗಿದ್ದ ಕಾರು ಸೊರಗತೊಡಗಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಚಳಿ ಜ್ವರ ಬಂದವರಂತೆ ಗಡಗಡ ನಡುಗುವುದು. ಸಿಗ್ನಲ್ಲಿನಲ್ಲಿ ನಿಂತರೆ ಕೆಮ್ಮುವುದು. ಒಂದು ದಿನ ಕುರುಬರಹಳ್ಳಿ ಸರ್ಕಲ್ಲಿನ ನಟ್ಟನಡುವೆ ಬಿಕ್ಕಳಿಸಿ ನಿಂತೇಬಿಟ್ಟಿತು. ಸ್ಪೀಡು ತೋರಿಸುವ ಜಾಗದಲ್ಲಿ ಹಳದಿಯ ಒಂದು ದೀಪ ಹತ್ತಿಕೊಂಡಿತು. ಚಿತ್ರ ನೋಡಿದರೆ ಹಿಡಿ ಮುರಿದ ಕಾಫಿ ಫಿಲ್ಟರಿನಂತಿತ್ತು. "ಕೆಂಪಾದ್ರೆ ಭಯ. ಹಳದಿ ಅಲ್ವಾ, ನಿಧಾನಕ್ಕೆ ಹೋಗಿ ಅಂತ" ಎಂದು ಮಾವ ಸಿಗ್ನಲ್ ಶಾಸ್ತ್ರದ ಪ್ರಕಾರ ವ್ಯಾಖ್ಯಾನಿಸಿದರು. ನಾನು ಇನ್ನೂ ನಿಧಾನಕ್ಕೆ ಹೋದೆ. ದೀಪ ಆರಲಿಲ್ಲ. ಸುಜಾತ "ಡಾಕ್ಟ್ರ ಹತ್ರ ಹೋಗಕ್ಕೂ ಹೀಗೇ ಮಾಡ್ತೀರ ನೀವು" ಎಂದು ಬೈದ ಮೇಲೆ ಮಾಗಡಿ ರಸ್ತೆಯ ಸರ್ವಿಸ್ ಸೆಂಟರಿಗೆ ಒಬ್ಬನೇ ಹೋದೆ.

ಅಲ್ಲಿ ನಮ್ಮನ್ನು ವಿಚಾರಿಸಿಕೊಳ್ಳುವವಳು ಭವ್ಯ ಎಂಬ ಹುಡುಗಿ. ಜಡೆಯನ್ನು ಟೋಪಿಯೊಳಗೆ ತುರುಕಿ, ಮಾತನ್ನು ಮಾತ್ರ ಎಲ್ಲೂ ತುರುಕದೆ, ಸಲೀಸಾಗಿ ಬಿಡುತ್ತಿದ್ದಳು. ಕಾರಿಗೆ ಏನೋ ವಯರು ಚುಚ್ಚಿ ನೋಡಿ, ಹಾವಿನಂಥ ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು, ಪರದೆಯ ಮೇಲೆ ನನಗೆ ಚಿತ್ರ ತೋರಿಸಿದಳು. ಹಳೆಯ ಸೌದೆ ಒಲೆಯ ಮೇಲಿನ ಸೂರಿನಂತೆ ಕಪ್ಪಗೆ, ದಪ್ಪಗೆ, ಗಂಟುಗಂಟಾಗಿ ಏನೋ ಕಟ್ಟಿಕೊಂಡಿತ್ತು.

"ಇದು ವಾಲ್ವ್ ಅಂಕಲ್. ಗಾಳಿ ಒಳಗೆ ಬರೋ ಬಾಗ್ಲು. ಹಳೇ ಇಂಜಿನ್‌ನಲ್ಲಿ ಪೆಟ್ರೋಲ್ ಈ ಬಾಗ್ಲ ಮೇಲೇ ಸುರ್ದು ಒಳಗೆ ಹೋಗ್ತಿತ್ತು. ದಿನಾ ತೊಳ್ದಂಗೆ ಆಗ್ತಿತ್ತು. ನಿಮ್ದ್ರಲ್ಲಿ ಪೆಟ್ರೋಲ್ ನೇರ ಒಳಗೇ ಹೋಗತ್ತಲ್ಲ, ಬಾಗ್ಲಿಗೆ ಒಂದು ತೊಟ್ಟೂ ತಾಗಲ್ಲ. ಇಂಜಿನ್ ಆಯಿಲ್ ಹೊಗೆ ಬಂದು ಅಂಟ್ಕೊಳತ್ತೆ, ಅಂಟ್ಕೊಂಡಿದ್ದು ಅಲ್ಲೇ ಸುಟ್ಟು ಇದ್ದಿಲಾಗತ್ತೆ."

ಮನೆಗೆ ಬಂದು ಇದನ್ನೆಲ್ಲ ಸುಜಾತಳಿಗೆ ವಿವರಿಸಲು ನಾನು ಉಸಿರೆಳೆದುಕೊಳ್ಳುವಷ್ಟರಲ್ಲಿ ಅವಳು "ಓ, ಹೊಸ್ತಿಲು ತೊಳೆಯೋರಿಲ್ಲ ಅನ್ನಿ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳು. ಅದಿರಲಿ. ಅಲ್ಲಿ ಭವ್ಯ ಪರಿಹಾರವನ್ನೂ ಹೇಳಿದಳು. ವಾಲ್‌ನಟ್ ಬ್ಲಾಸ್ಟಿಂಗ್ ಅಂತೆ. ಅಂದರೆ ಅಕ್ರೋಟಿನ ಚಿಪ್ಪನ್ನು ರವೆಯ ಹಾಗೆ ಪುಡಿಮಾಡಿ, ಗಾಳಿಯ ರಭಸದಲ್ಲಿ ಆ ಬಾಗಿಲುಗಳ ಮೇಲೆ ಎರಚಿ, ಮಸಿ ಉದುರಿಸುವುದು. ಕಾರು ಅಕ್ರೋಟು ತಿನ್ನುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಕೊಳ್ಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅಕ್ರೋಟು ನನ್ನ ಜ್ಞಾಪಕಶಕ್ತಿಗೆಂದು ಸುಜಾತ ದಿನಾ ನೆನೆಹಾಕಿ ಕೊಡುವ ಪದಾರ್ಥ. ಆಮೇಲೆ ಮಾವನಿಗೆ ಈ ವಿಷಯ ಗೊತ್ತಾದಾಗ ಅವರು "ಅಕ್ರೋಟ್ ಯಾಕೆ? ತೆಂಗಿನ ಚಿಪ್ಪಿಲ್ವಾ ಮನೇಲಿ? ಕುಟ್ಟಿ ಕೊಡ್ತೀನಿ" ಎಂದು ಒರಳಿನ ಕಡೆಗೇ ಎದ್ದರು. ಅಂದು ಸೆಂಟರಿನಲ್ಲಿ, ಅಕ್ರೋಟಿನ ಪುಡಿ ಸದ್ಯಕ್ಕೆ ಮುಗಿದಿದೆ, ಮುಂದಿನ ವಾರ ಬನ್ನಿ ಎಂದು ಹೇಳಿ ಭವ್ಯ ಒಂದು ಪ್ರಶ್ನೆ ಕೇಳಿದಳು.

"ಬೆಳಿಗ್ಗೆ ಹೊತ್ತು ಸುಮ್ನೆ ಸ್ಟಾರ್ಟ್ ಮಾಡಿ ನಿಂತಲ್ಲೇ ಬಿಡೋ ಅಭ್ಯಾಸ ಏನಾದ್ರೂ ಇದ್ಯಾ? ಅದು ಒಳ್ಳೇದಲ್ಲ ಈ ಇಂಜಿನ್‌ಗೆ."

"ಇದೆ! ನಮ್ಮ ಮಾವ!" ಎಂದೆ ನಾನು. ಆ ಎರಡು ಮಾತುಗಳಲ್ಲಿ ಎಷ್ಟು ಉತ್ಸಾಹವಿತ್ತೆಂದರೆ ಪಕ್ಕದಲ್ಲಿ ಬಿಲ್ಲಿಗೆ ಕಾದಿದ್ದವರು ತಿರುಗಿ ನೋಡಿದರು. ತಪ್ಪಿತಸ್ಥ ಸಿಕ್ಕಿದ ಸಂತೋಷವೇ ಬೇರೆ. ಅವಳು "ಮತ್ತೆ ಓಡಿಸೋದು..." ಎಂದು ಇನ್ನೇನೋ ಕೇಳಲು ಹೊರಟಿದ್ದಳು. ನಾನಾಗಲೇ ಥ್ಯಾಂಕ್ಸ್ ಹೇಳಿ ಹೊರಬಿದ್ದಿದ್ದೆ.

ಭಾಷ್ಯಂ ಸರ್ಕಲ್ ದಾಟುವ ಹೊತ್ತಿಗೆ ಸಂತೋಷ ಇಳಿದಿತ್ತು. ಹೇಳುವುದು ಹೇಗೆ? "ಮಾವ, ನೀವು ದಿನಾ ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಇಟ್ಟು ಮಾಡುತ್ತಿರುವುದು ಆರೈಕೆಯಲ್ಲ, ಕತ್ತು ಹಿಸುಕುವುದು" ಎಂದು ಹೇಳುವುದೇ? ಯಾವ ಬಾಯಿಂದ? ಬಸ್ಸು ಬಿಟ್ಟ ಮೇಲೆ ಅವರಿಗೆ ಉಳಿದಿದ್ದ ಸ್ಟಿಯರಿಂಗ್ ಅದೊಂದೇ, ಅದೂ ಗೇಟಿನೊಳಗಿನದು. ಹೇಳಿದರೆ ಅವರ ಮನಸ್ಸು ಹೋಗುತ್ತದೆ, ಹೇಳದಿದ್ದರೆ ಇಂಜಿನ್ ಹೋಗುತ್ತದೆ. ಸುಜಾತಳ ಹತ್ತಿರ "ನಿಮ್ಮಪ್ಪ ಅಲ್ವಾ, ನೀನೇ ಹೇಳು" ಎಂದೆ. "ನಿಮ್ಮ ಕಾರು ಅಲ್ವಾ, ನೀವೇ ಹೇಳಿ" ಎಂದಳು. ಕಾರು ಕೆಟ್ಟಾಗ ನನ್ನದು, ಮದುವೆಗೆ ಹೋಗುವಾಗ ನಮ್ಮದು.

ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. "ಮಾವ, ಒಂದು ವಿಷಯ" ಎಂಬಲ್ಲಿಗೆ ಮಾತು ನಿಂತುಬಿಡುತ್ತಿತ್ತು. ಕೊನೆಗೆ ಹೇಡಿಗಳೆಲ್ಲ ಮಾಡುವುದನ್ನೇ ನಾನೂ ಮಾಡಿದೆ. ಕೀಯನ್ನು ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು, ಮಾವನ ಸ್ನಾನ ಮುಗಿಯುವುದರೊಳಗೆ ಕಚೇರಿಗೆ ಓಡಿದೆ. ನಾನು ಅಷ್ಟು ಬೇಗ ಬಂದದ್ದನ್ನು ನೋಡಿ ನಮ್ಮ ಕಚೇರಿಯ ಕಾವಲುಗಾರ "ಇವತ್ತು ಇನ್‌ಸ್ಪೆಕ್ಷನ್ನಾ ಸಾರ್?" ಎಂದು ಗಾಬರಿಯಾದ.

ಮಾವ ಕೀ ಎಲ್ಲಿ ಎಂದು ಕೇಳಲಿಲ್ಲ. ಅದೇ ಕಷ್ಟಕ್ಕೆ ಬಂತು. ಇಂಜಿನ್ನೊಂದರ ಸದ್ದು ಕೇಳದೆ ಅವರಿಗೆ ಬೆಳಗಾಗುವುದಿಲ್ಲವಲ್ಲ, ಮೊದಲು ಸಂಪಿನ ಮೋಟರಿನ ಮೇಲೆ ಕಣ್ಣು ಬಿತ್ತು. ಅದನ್ನು ಹಾಕಿ, ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು, ಕೈಕಟ್ಟಿ ಕೂತು ಕೇಳುವರು. "ಬೇರಿಂಗ್ ಹೋಗ್ತಾ ಇದೆ ಕಣಮ್ಮ, ಕಿರ್ ಅಂತಿದೆ ನೋಡು." ಟ್ಯಾಂಕು ತುಂಬಿ, ಉಕ್ಕಿ, ಮೇಲಿನ ಬಾಡಿಗೆಯವರು ಒಣಹಾಕಿದ್ದ ಬಟ್ಟೆಯ ಮೇಲೆ ಜಲಪಾತವಾಗಿ ಇಳಿಯಿತು. ಅವರು ಬಂದು ಕೈಮುಗಿದು ವಿನಂತಿಸಿಕೊಂಡ ಮೇಲೆ ಮಾವ ಮಿಕ್ಸಿಗೆ ಬಂದರು. ಖಾಲಿ ಜಾರನ್ನು ಒಂದರಲ್ಲಿ, ಎರಡರಲ್ಲಿ, ಮೂರರಲ್ಲಿ ಇಟ್ಟು ತಿರುಗಿಸಿ "ಪಿಕಪ್ ಇಲ್ಲ" ಎಂದು ಅಭಿಪ್ರಾಯ ಕೊಟ್ಟರು. ಸುಜಾತ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಮದುವೆಯಾದ ಓದುಗರಿಗೆ ವಿವರಣೆ ಬೇಡ.

ವಾರದ ಕೊನೆಗೆ ಒಂದು ಸಂಜೆ ನಾನು ಚಪ್ಪಲಿ ಬಿಡುತ್ತಿದ್ದಾಗ ಮಾವ ಬಾಗಿಲಿಗೇ ಬಂದರು. ದನಿ ತಗ್ಗಿಸಿ, ಮಗಳಿಗೆ ಕೇಳಿಸದಂತೆ, ಕೇಳಿದರು.

"ಅಳಿಯಂದ್ರೇ, ನನ್ನಿಂದ ಏನಾರ ತಪ್ಪಾಯ್ತಾ? ಗೇರ್ ಗೀರ್ ಹಾಕ್ಬಿಟ್ಟು ಗಾಡಿ ಎಲ್ಲಾರ ಉಜ್ಜಿದ್ನಾ? ಈ ಪಕ್ಕದ್ದು ನಂಗೆ ಕಾಣಲ್ಲ ನೋಡಿ. ಉಜ್ಜಿದ್ರೆ ಹೇಳ್ಬಿಡಿ. ನಾನು ಕೀ ಕೇಳಲ್ಲ."

ಭಾನುವಾರ ಕಾರನ್ನು ಸರ್ವಿಸ್ ಸೆಂಟರಿಗೆ ಒಯ್ಯುವುದಿತ್ತು. "ಇಲ್ಲ ಮಾವ. ಕಾರಿಗೆ ಹುಷಾರಿಲ್ಲ. ನೀವೂ ಬನ್ನಿ, ಏನಾಗಿದೆ ಅಂತ ಅವರೇ ಹೇಳ್ತಾರೆ" ಎಂದೆ. ನೋಡಿ, ಆಗಲೂ ಹೇಳುವ ಕೆಲಸವನ್ನು ಆ ಹುಡುಗಿಯ ತಲೆಗೇ ಕಟ್ಟಿದೆ.

ಭಾನುವಾರ ಮಾವ ಆಸ್ಪತ್ರೆಯಲ್ಲಿ ಹತ್ತಿರದವರನ್ನು ನೋಡಲು ಹೋಗುವವರಂತೆ ಗಂಭೀರವಾಗಿ ಬಂದರು. ದಿನವಿಡೀ ಅಲ್ಲಿಯೇ ಕೂತರು. ಅಕ್ರೋಟಿನ ಎರಚಾಟ ಮುಗಿದು, ಭವ್ಯ ಮೊದಲಿನ ಮತ್ತು ಈಗಿನ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ತೋರಿಸಿ, ಬಾಗಿಲು, ಪೆಟ್ರೋಲು, ಮಸಿ ಎಲ್ಲವನ್ನೂ ಮಾವನಿಗೆ ತಿಳಿಯುವಂತೆ ಹೇಳಿದಳು. ಆ ಇದ್ದಿಲನ್ನು ನೋಡಿದ ಮಾವನ ಮುಖ ಸಣ್ಣಗಾಯಿತು. ಅವರೇ ಕೇಳಿದರು.

"ಅಲ್ಲ ತಾಯಿ, ನಾನು ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡಿ ಬಿಸಿ ಮಾಡ್ತಿದ್ದೆ. ಅದ್ರಿಂದ ಹಿಂಗಾಯ್ತಾ?"

ನಾನು ಗೋಡೆಯ ಮೇಲಿದ್ದ ಟೈರಿನ ಜಾಹೀರಾತನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ.

"ಅದು ಬೇಡ ತಾತ, ನಿಲ್ಸಿಬಿಡಿ. ಬಸ್ಸಿಗೆ ಸರಿ, ಇದಕ್ಕಲ್ಲ. ಆದ್ರೆ ಅದೊಂದ್ರಿಂದಾನೇ ಇಷ್ಟೊಂದು ಕಟ್ಟಲ್ಲ. ರೋಡಲ್ಲಿ ಓಡ್ಸೋದು ಯಾರು?"

ಮಾವ ನನ್ನ ಕಡೆ ನೋಡಿದರು. ಅವಳೂ ನೋಡಿದಳು. ಟೈರಿನ ಜಾಹೀರಾತು ಅಷ್ಟರಲ್ಲಿ ಮುಗಿದಿತ್ತು.

"ಎಲ್ಲೆಲ್ಲಿ ಹೋಗ್ತೀರಾ ಅಂಕಲ್?"

"ತರಕಾರಿಗೆ, ಬಸವೇಶ್ವರನಗರ. ದೇವಸ್ಥಾನಕ್ಕೆ..."

"ಹೈವೇಗೆ?"

"ಹೈವೇಯಲ್ಲಿ ಎಲ್ಲರೂ ಬಹಳ ಜೋರಾಗಿ ಹೋಗ್ತಾರಮ್ಮ."

"ಅದಕ್ಕೇ ಅಲ್ವಾ ಅಂಕಲ್ ಅದು ಹೈವೇ! ಯಾವ ಗೇರಲ್ಲಿ ಓಡಿಸ್ತೀರಾ?"

"ಮೂರರವರೆಗೂ ಹೋಗ್ತೀನಿ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಅವಳು ಟೋಪಿ ತೆಗೆದು ತಲೆ ಕೆರೆದುಕೊಂಡಳು. "ಅಂಕಲ್, ಈ ಗಾಡೀನ ನೀವು ಯಾವತ್ತೂ ಓಡ್ಸೇ ಇಲ್ಲ. ಸುಮ್ನೆ ಜೊತೇಲಿ ನಡ್ಕೊಂಡು ಹೋಗಿದೀರಾ. ಇಂಜಿನ್ ಚೆನ್ನಾಗಿ ಕಾಯ್ಬೇಕು. ವಾರಕ್ಕೊಂದ್ಸಲ ಹೈವೇಗೆ ತಗೊಂಡ್ಹೋಗಿ ಒತ್ತಿ. ಮಸಿ ಪೂರ್ತಿ ನಿಲ್ಲಲ್ಲ, ಆದ್ರೆ ಇಷ್ಟು ಬೇಗ ಕಟ್ಟಲ್ಲ."

ಮಾವ ನಿಧಾನವಾಗಿ ಹೆಗಲ ಮೇಲಿನ ಟವೆಲ್ಲು ತೆಗೆದು, ಝಾಡಿಸಿ, ಇನ್ನೊಂದು ಹೆಗಲಿಗೆ ಹಾಕಿಕೊಂಡರು. ಒಂದು ವಾರದಿಂದ ಬಾಗಿದ್ದ ಬೆನ್ನು ನೆಟ್ಟಗಾದದ್ದನ್ನು ನಾನು ಕಣ್ಣಾರೆ ಕಂಡೆ. ಹೊರಗೆ ಬಂದ ಮೇಲೆ ಕಾರಿನ ಬಾಗಿಲು ತೆಗೆದು ನನಗೇ ದಾರಿ ತೋರಿಸಿ "ಹತ್ತಿ ಅಳಿಯಂದ್ರೇ. ಮುಂದಿನ ಭಾನುವಾರ ಬಿಡದಿ ಟ್ರಿಪ್ಪು" ಎಂದರು. ಕೇಳಿದ್ದಲ್ಲ, ಡ್ಯೂಟಿ ಹಾಕಿದ್ದು.

ಕೆಂಗೇರಿ ದಾಟುವವರೆಗೆ ಮಾವ ಸಭ್ಯರಾಗಿದ್ದರು. ಮೈಸೂರು ಹೆದ್ದಾರಿ ಅಗಲವಾಗಿ ತೆರೆದುಕೊಳ್ಳುತ್ತಿದ್ದಂತೆ ನನ್ನ ಕೈ ಬೆವರತೊಡಗಿತು, ಅವರ ಕಣ್ಣು ಹೊಳೆಯತೊಡಗಿತು. "ಒತ್ರೀ" ಎಂದರು. ನಾನು ಒತ್ತಿದೆನೆಂದುಕೊಂಡೆ. "ಒತ್ರೀ ಅಂದ್ರೆ! ಅದೇನು ಹಸುಗೂಸಿನ ಹೊಟ್ಟೆನಾ, ಹಂಗೆ ಸವರ್ತಾ ಇದ್ದೀರಾ?" ಅಷ್ಟರಲ್ಲಿ ಎಡಗಡೆಯಿಂದ ಒಂದು ವಾಹನ ನಮ್ಮನ್ನು ದಾಟಿತು. ಮಾವನಿಗೆ ಅದು ಪೂರ್ತಿ ಮುಂದೆ ಬಂದ ಮೇಲೆಯೇ ಕಂಡದ್ದು. ಕಂಡ ಮೇಲೆ ಅವರಿಗಾದ ಅವಮಾನ ಹೇಳತೀರದು. "ಅಳಿಯಂದ್ರೇ, ಸೌತೆಕಾಯಿ ಟೆಂಪೋ! ಅದರ ಮೇಲೆ ಒಬ್ಬ ಮಲಗವ್ನೆ! ಮಲಗಿರೋನು ನಮ್ಮನ್ನ ಓವರ್‌ಟೇಕ್ ಮಾಡ್ದ!"

ಆ ಮಲಗಿದವನು ಕಣ್ಣುಬಿಟ್ಟು, ನಮ್ಮನ್ನು ನೋಡಿ, ಮತ್ತೆ ಮಗ್ಗಲು ಬದಲಿಸಿದ. ನನ್ನೊಳಗೆ ಎಲ್ಲೋ ಏನೋ ಒಂದು ಮುರಿಯಿತು. ಕಾಲು ತಾನಾಗಿ ಕೆಳಗಿಳಿಯಿತು. ನಾಲ್ಕನೆಯ ಗೇರು ಎಂಬುದೊಂದು ಇದೆ ಎಂದು ಕೇಳಿದ್ದೆ, ಹಾಕಿದೆ. ಐದನೆಯದೂ ಇತ್ತು. ಟಿಕ್ ಟಿಕ್ ಎನ್ನುವುದು ಎಲ್ಲೋ ಕರಗಿಹೋಗಿ ಇಂಜಿನ್ ಒಂದೇ ಎಳೆಯಲ್ಲಿ, ಶ್ರುತಿ ಹಿಡಿದ ತಂಬೂರಿಯಂತೆ, ಹಾಡತೊಡಗಿತು. ಟೆಂಪೋ ಹಿಂದಾಯಿತು. ನಾನು ಹಲ್ಲು ಕಚ್ಚಿಕೊಂಡು, ಮನೆದೇವರಿಗೆ ಹರಕೆ ಹೊತ್ತುಕೊಂಡು, ಸ್ಟಿಯರಿಂಗಿಗೆ ಜೋತುಬಿದ್ದಿದ್ದೆ. ಮಾವ ಹೆದರಿದರೇನೋ ಎಂದು ಒಂದು ಕ್ಷಣ ಓರೆಗಣ್ಣಿನಿಂದ ನೋಡಿದೆ. ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ಕೂತಿದ್ದರು. ಬಲಗಾಲು ಮಾತ್ರ, ಏನೂ ಇಲ್ಲದ ಜಾಗದಲ್ಲಿ, ಮೆಲ್ಲಗೆ ಒತ್ತುತ್ತಿತ್ತು.

ಬಿಡದಿಯಲ್ಲಿ "ಹೋಲ್ಡಾನ್!" ಎಂದು ಅವರು ಕಂಡಕ್ಟರನ ದನಿಯಲ್ಲಿ ಕೂಗಿದಾಗಲೇ ನಾನು ನಿಲ್ಲಿಸಿದ್ದು. ತಟ್ಟೆ ಇಡ್ಲಿ ತಿನ್ನುವಾಗ ನನ್ನ ಕೈ ಇನ್ನೂ ಸ್ಟಿಯರಿಂಗ್ ಹಿಡಿದಂತೆಯೇ ತಿರುಗಿ ಚಟ್ನಿ ಅಂಗಿಗೆ ಬಿತ್ತು. ಮಾವ ತಮ್ಮ ಟವೆಲ್ಲಿನಿಂದ ಒರೆಸಿ "ಮೊದಮೊದಲು ಹಂಗೇ. ನಾನೂ ಟ್ರೈನಿಂಗಲ್ಲಿ ಡಿಪೋ ಗೇಟಿಗೇ ಗುದ್ದಿದ್ದೆ" ಎಂದರು. ಇದನ್ನು ಅವರು ತಮ್ಮ ಮಗಳಿಗೂ ಹೇಳಿರಲಿಲ್ಲವಂತೆ.

ಕಾರು ಈಗ ಕೆಮ್ಮುವುದಿಲ್ಲ. ಹಳದಿ ದೀಪ ಆರಿದೆ. ಕೀ ಬಾಗಿಲ ಪಕ್ಕದ ಮೊಳೆಯಲ್ಲೇ ನೇತಾಡುತ್ತಿದೆ, ಮಾವ ಅದನ್ನು ಮುಟ್ಟುವುದಿಲ್ಲ. ಭಾನುವಾರ ಬೆಳಗಾದರೆ ಸ್ನಾನ ಮಾಡಿ, ವಿಭೂತಿ ಇಟ್ಟು, ಇಸ್ತ್ರಿ ಅಂಗಿ ತೊಟ್ಟು ಅವರು ನೇರವಾಗಿ ಬರುವುದು ನನ್ನ ಮಂಚದ ಹತ್ತಿರ. ನಾನು ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡು ಗೊರಕೆಯ ನಟನೆ ಮಾಡುತ್ತೇನೆ. ಅವರು ಮೊಣಕಾಲ ಹತ್ತಿರ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ ನೋಡಿ, ಅಡುಗೆಮನೆಯ ಕಡೆ ತಿರುಗಿ ಕೂಗುತ್ತಾರೆ.

"ಸುಜಾತಾ, ಒಂದು ಲೋಟ ಬಿಸಿ ಕಾಫಿ ತಗಂಡ್ ಬಾರಮ್ಮ. ಇದು ಹಳೇ ಮಾಡಲ್ಲು, ಬಿಸಿ ಮಾಡ್ದೆ ಸ್ಟಾರ್ಟ್ ಆಗಲ್ಲ."